ಕತೆ ಬಾಲ ಬೀಸಿತು

ಅನ್ನಪೂರ್ಣ ಮಿಸ್ ಕಾಯುತ್ತಿದ್ದರು. ಅವರನ್ನು ನೆನೆದಾಗಲೆಲ್ಲ ನನ್ನ ಕಣ್ಣಿಗೆ ಮೊದಲು ಕಟ್ಟುವುದು ಕಾಯುತ್ತಾ ಕೂತ ಆ ಮುಖ. ಶಾಲೆಗಳೆಲ್ಲ ಮುಚ್ಚಿ, ಪಾಠವೆಲ್ಲ ಫೋನಿನೊಳಗೆ ಬಂದು ಕೂತ ವರ್ಷ ಅದು. ಪರದೆಯ ತುಂಬ ಬೆಂಕಿಪೊಟ್ಟಣದಷ್ಟಗಲದ ಚೌಕಗಳು, ಒಂದೊಂದರಲ್ಲಿ ಒಂದೊಂದು ಮಗು. ಒಂದು ಮೂಲೆಯಲ್ಲಿ ಹಸಿರು ಕರ್ಟನ್ನಿನ ಮುಂದೆ ಮಿಸ್. ಓದುತ್ತಿದ್ದ ಮಗು ಯಾವುದೋ ಪದದ ಮುಂದೆ ಬಂದು ನಿಂತುಬಿಡುತ್ತಿತ್ತು. ಯಾರ ಮನೆಯದೋ ಕುಕ್ಕರ್ ಕೂಗುತ್ತಿತ್ತು, ಯಾರ ಮನೆಯಲ್ಲೋ ನಾಯಿ ಬೊಗಳುತ್ತಿತ್ತು. ಮಿಸ್ ಮಾತ್ರ ಗಲ್ಲಕ್ಕೆ ಕೈಕೊಟ್ಟು, ಮಗುವಿನ ಮುಖವನ್ನೇ ನೋಡುತ್ತ, ಅಲುಗಾಡದೆ ಕೂತಿರುತ್ತಿದ್ದರು. ನೆಟ್ ನಿಂತು ಚಿತ್ರ ಹಾಗೇ ಸಿಕ್ಕಿಕೊಂಡಿತೇನೋ ಎಂದು ನಾನು ಎಷ್ಟೋ ಸಲ ಫೋನನ್ನು ತಟ್ಟಿದ್ದೇನೆ. ಆಮೇಲೆ ಆ ಚಿತ್ರ ಮೆಲ್ಲಗೆ ತುಟಿ ಬಿಚ್ಚುತ್ತಿತ್ತು.

"ಸಾವಕಾಶ ಓದವ್ವಾ. ನನಗೇನ್ ಬಸ್ಸಿಗೆ ಹೋಗೂದೈತಿ? ಬಸ್ಸರೆ ಎಲ್ಲಿ ಅದಾವ ಈಗ?"

ಮಗು ನಗುತ್ತಿತ್ತು. ನಕ್ಕ ಮೇಲೆ ಓದುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಯಾಕೆ ಉರಿಯುತ್ತಿತ್ತು ಎಂದು ತಿಳಿಯಬೇಕಾದರೆ ನನ್ನ ವಿಷಯ ಸ್ವಲ್ಪ ಹೇಳಬೇಕು. ನಾನು ಕನ್ನಡ ಎಂ.ಎ. ಓದಿದವಳು. ಅಚ್ಚಿಗೆ ಹೋಗುವ ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ಯಲಹಂಕದ ಹೊರಗಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ಕೂತು ಕೆಂಪು ಪೆನ್ನಿನಿಂದ ಎಷ್ಟು ಜನರ ಕಾಗುಣಿತ ಸರಿಮಾಡಿದ್ದೇನೋ ಲೆಕ್ಕವಿಲ್ಲ. ಮದುವೆಯ ಕರೆಯೋಲೆ ಬಂದರೂ ಮುಹೂರ್ತ ನೋಡುವ ಮೊದಲು ತಪ್ಪು ಹುಡುಕುತ್ತೇನೆ. ಅಂಥವಳ ಒಬ್ಬಳೇ ಮಗಳು ಚಾರ್ವಿಗೆ ಮೂರನೇ ಕ್ಲಾಸಿಗೆ ಬಂದರೂ ಕನ್ನಡ ಓದಲು ಬರುತ್ತಿರಲಿಲ್ಲ. ಒಂಟಿ ಅಕ್ಷರಗಳನ್ನು ಹೇಗೋ ದಾಟುತ್ತಿದ್ದಳು. ಒತ್ತಕ್ಷರ ಬಂದರೆ ಅದು ಅಲ್ಲಿ ಇಲ್ಲವೇ ಇಲ್ಲವೆಂಬಂತೆ ಹಾರಿ ಮುಂದೆ ಹೋಗುತ್ತಿದ್ದಳು. ಹಿಂದಿನ ವರ್ಷದ ಟೀಚರು ನನ್ನನ್ನು ಪಕ್ಕಕ್ಕೆ ಕರೆದು, "ಒಂದ್ಸಲ ಡಾಕ್ಟರ್ ಹತ್ರ ತೋರಿಸಿಬಿಡಿ ಮೇಡಂ, ಕೆಲವು ಮಕ್ಕಳಿಗೆ ಅಕ್ಷರ ತಲೆಗೆ ಹತ್ತಲ್ಲ" ಎಂದಿದ್ದರು. ಆ ಮಾತು ನಾನು ನನ್ನ ಗಂಡನಿಗೂ ಹೇಳಿರಲಿಲ್ಲ. ಪ್ರತಿ ಸಂಜೆ ಮಗಳನ್ನು ಎದುರಿಗೆ ಕೂರಿಸಿಕೊಂಡು ಓದಿಸುತ್ತಿದ್ದೆ. ಅವಳು ಬಾಯಿ ತೆರೆಯುವ ಮೊದಲೇ ನನಗೆ ತಪ್ಪು ಕೇಳಿಸಿಬಿಡುತ್ತಿತ್ತು. "ಹಂಗಲ್ಲ ಮಗಾ, ಕೆಳಗೆ ನೋಡು, ಒತ್ತು ಇದೆ ನೋಡು" ಎನ್ನುತ್ತಿದ್ದೆ. ಅವಳು ಅಳುತ್ತಿದ್ದಳು. ನಾನೂ ಅಡುಗೆಮನೆಗೆ ಹೋಗಿ ಅಳುತ್ತಿದ್ದೆ.

ಅಂಥ ಹೊತ್ತಿನಲ್ಲಿ ಶಾಲೆಯವರು ಕನ್ನಡಕ್ಕೆ ಹೊಸಬರನ್ನು ಹಾಕಿದರು. ಅವರ ಊರು ಗದಗದ ಕಡೆ. ಇಲ್ಲಿ ಮತ್ತಿಕೆರೆಯಲ್ಲಿ ಒಂದು ಕೋಣೆಯ ಮನೆ. ಮೊದಲ ದಿನವೇ ಮಕ್ಕಳಿಗೆ ಕೈಮುಗಿದು, "ನಾ ಅನ್ನಪೂರ್ಣಾ. ನನ್ನ ಮಾತು ನಿಮಗ ತಿಳಿಲಿಲ್ಲಂದ್ರ ನನಗ ಕಲಸ್ರಿ. ಓದೂದು ಬರಲಿಲ್ಲಂದ್ರ ನಾ ನಿಮಗ ಕಲಿಸ್ತೀನಿ. ಹಿಸೇಬು ಸರಿ ಆತಿಲ್ಲೋ?" ಎಂದರು. ಮಕ್ಕಳು ಹೋ ಎಂದು ನಕ್ಕರು. ಕಾಸಿನಗಲದ ಕುಂಕುಮ, ಎರಡೂ ಕೈತುಂಬ ಹಸಿರು ಗಾಜಿನ ಬಳೆ. ಪುಸ್ತಕದ ಹಾಳೆ ತಿರುಗಿಸಿದರೆ ಬಳೆಗಳ ಸದ್ದೇ ಮೊದಲು ಕೇಳುತ್ತಿತ್ತು.

ಎರಡನೇ ವಾರವೋ ಏನೋ, ಚಾರ್ವಿಯ ಸರದಿ ಬಂತು. ನಾನು ಪಕ್ಕದಲ್ಲೇ, ಕ್ಯಾಮೆರಾಗೆ ಬೀಳದ ಹಾಗೆ ಕೂತಿದ್ದೆ. ಅವಳು ತಡವರಿಸಿದಳು. ನಾನು ಪಿಸುಗುಟ್ಟಿದೆ. ಅವಳು ನಾನು ಹೇಳಿದ್ದನ್ನೇ ಹೇಳಿದಳು. ಮತ್ತೆ ಪಿಸುಗುಟ್ಟಿದೆ. ಮಿಸ್ ಪುಸ್ತಕ ಕೆಳಗಿಟ್ಟರು.

"ಚಾರ್ವಿ, ನಿನ್ನ ಬಾಜೂಕ ಇನ್ನೊಬ್ಬಾಕಿ ಶಾಣ್ಯಾ ಹುಡುಗಿ ಕುಂತಾಳಲ್ಲ, ಯಾರವ್ವಾ ಅಕಿ? ನನ್ನ ಹಾಜರಿಯೊಳಗ ಅಕಿ ಹೆಸರ ಇಲ್ಲಲ್ಲ?"

"ನಮ್ಮಮ್ಮ ಮಿಸ್" ಎಂದಳು ಚಾರ್ವಿ.

"ಹೌದಾ? ನಿಮ್ಮ ಅಮ್ಮಾರು ಭಾಳ ಛಲೋ ಓದ್ತಾರ. ಅವರು ಪಾಸ್. ಅವರಿಗೆ ಇವತ್ತ ಸೂಟಿ ಕೊಟ್ಟೇನಿ ಅಂತ ಹೇಳು."

ಅಷ್ಟು ಮನೆಗಳಲ್ಲಿ, ಅಷ್ಟು ಫೋನುಗಳ ಪಕ್ಕದಲ್ಲಿ ನನ್ನ ಹಾಗೆಯೇ ಕೂತಿದ್ದ ಅಮ್ಮಂದಿರೆಲ್ಲ ಅದನ್ನು ಕೇಳಿದರು. ಯಾರೋ ಒಬ್ಬಳು ಕಿಸಕ್ಕನೆ ನಕ್ಕದ್ದೂ ಕೇಳಿಸಿತು. ನಾನು ಎದ್ದು ಹೊರಗೆ ಬಂದೆ. ಅಂದಿನಿಂದ ಚಾರ್ವಿ ಕೋಣೆಯ ಬಾಗಿಲು ಮುಂದಕ್ಕೆ ಮಾಡಿಕೊಂಡು ಕೂರಲು ಕಲಿತಳು. "ಅಮ್ಮ, ನಿಂಗೆ ಸೂಟಿ, ರಜೆ" ಎನ್ನುತ್ತಿದ್ದಳು. ನನ್ನ ಮನೆಯಲ್ಲಿ, ನನ್ನ ಕೋಣೆಯಲ್ಲಿ, ನನಗೆ ಸೂಟಿ.

ಆದರೆ ಬಾಗಿಲ ಹಿಂದೆ ನಿಲ್ಲುವುದನ್ನು ಯಾರು ತಡೆಯುತ್ತಾರೆ? ಬಟ್ಟೆ ಮಡಿಸುವ ನೆಪದಲ್ಲಿ ನಿಂತು ಕೇಳುತ್ತಿದ್ದೆ. ಸಂದಿಯಿಂದ ನೋಡುತ್ತಲೂ ಇದ್ದೆ. ಹಾಗೆ ನೋಡಿದಾಗಲೇ ಒಂದು ದಿನ ಪರದೆಯ ಮೇಲೆ ಒಂದು ಮಗುವೂ ಇಲ್ಲದ್ದು ಕಂಡಿತು. ಎಲ್ಲ ಚೌಕಗಳಲ್ಲೂ ಬರೀ ತಾರಸಿ, ಫ್ಯಾನು, ಟ್ಯೂಬ್‌ಲೈಟು. ಒಂದರಲ್ಲಿ ಶೀಟಿನ ಸೂರು, ಒಂದರಲ್ಲಿ ಜೇಡರ ಬಲೆ.

"ಎಲ್ಲಾರೂ ಮೊಬೈಲ ಮಲಗಿಸೀರಿಲ್ಲೋ?" ಎಂದು ಮಿಸ್ ಕೇಳುತ್ತಿದ್ದರು. "ಅದಕ್ಕ ನಿದ್ದಿ ಬಂದೈತಿ. ಅದು ಈಗ ನಿಮ್ಮನ್ನ ನೋಡಂಗಿಲ್ಲ, ನಾನೂ ನೋಡಂಗಿಲ್ಲ, ಯಾರೂ ನೋಡಂಗಿಲ್ಲ. ನೀವು ನಿಮ್ಮ ಪುಸ್ತಕ ಇಬ್ಬರ. ಹೂಂ, ಓದ್ರಿ."

ಮಿಸ್ಸಿನ ಚೌಕದಲ್ಲೂ ಅವರ ಕೋಣೆಯ ಸೂರೇ ಇತ್ತು. ಒಂದು ಕಡೆ ನೀರು ಇಳಿದು ಹಳದಿ ಕಲೆ. ಎಲ್ಲ ಮಕ್ಕಳೂ ಒಟ್ಟಿಗೆ, ಒಂದೊಂದು ಒಂದೊಂದು ವೇಗದಲ್ಲಿ ಓದತೊಡಗಿದವು. ಗದ್ದಲವೋ ಗದ್ದಲ. ಆ ಗದ್ದಲದೊಳಗೆ ನನ್ನ ಮಗಳ ಸಣ್ಣ ದನಿಯೂ ಇತ್ತು. ನನ್ನೆದುರು ಅಳದೆ ಒಂದು ಸಾಲು ಮುಗಿಸದವಳು ಯಾರಿಗೂ ಕಾಣದಿದ್ದರೆ ಓದುತ್ತಾಳೆ ಎಂಬುದು ಆ ಹೆಂಗಸಿಗೆ ಹೇಗೆ ಹೊಳೆಯಿತು? ಒಂಬತ್ತು ತಿಂಗಳು ಹೊತ್ತ ನನಗೆ ಯಾಕೆ ಹೊಳೆಯಲಿಲ್ಲ?

ಸ್ವಲ್ಪ ದಿನ ಕಳೆದ ಮೇಲೆ ಒಬ್ಬೊಬ್ಬರನ್ನೇ ಓದಿಸಲು ಶುರುಮಾಡಿದರು. ಆಗಲೂ ಮೊಬೈಲು ಮಲಗಿಯೇ ಇರುತ್ತಿತ್ತು. ಚಾರ್ವಿಯ ಪಾಲಿಗೆ ಬಂದದ್ದು ಕತ್ತೆಯ ಮೇಲಿನ ಪಾಠ. "ಕತ್ತೆ ಮನೆಗೆ ಬಂದಿತು. ಕತ್ತೆ ಬಾಲ ಬೀಸಿತು." ಇಷ್ಟೇ ಸಾಲು.

"ಕತೆ ಮನೆಗೆ ಬಂದಿತು" ಎಂದು ಓದಿದಳು ಚಾರ್ವಿ. ಬಾಗಿಲ ಹಿಂದೆ ನನ್ನ ನಾಲಿಗೆಯ ತುದಿಗೆ 'ಹಂಗಲ್ಲ' ಬಂತು. ಕೈಯಲ್ಲಿದ್ದ ಟವೆಲು ಬಾಯಿಗೆ ಒತ್ತಿಕೊಂಡೆ.

"ಕತಿ ಮನೀಗೆ ಬಂತು?" ಎಂದರು ಮಿಸ್. "ಛಲೋ ಆತು ಬಿಡವ್ವಾ. ಲಾಕ್‌ಡೌನಿನ್ಯಾಗ ನಮ್ಮನೀಗೆ ಯಾರೂ ಬಂದಿಲ್ಲ, ನಿಮ್ಮನೀಗೆ ಕತಿಯರೆ ಬಂತಲ್ಲ. ಮುಂದ ಏನ್ ಮಾಡ್ತು ಅದು?"

"ಕತೆ... ಬಾಲ... ಬೀಸಿತು."

ಮಿಸ್ ಏನೂ ಹೇಳಲಿಲ್ಲ. ಸೂರಿನ ಹಳದಿ ಕಲೆ ಮಾತ್ರ ಪರದೆಯ ಮೇಲಿತ್ತು. ಚಾರ್ವಿ ತಾನು ಓದಿದ್ದನ್ನು ತಾನೇ ಇನ್ನೊಮ್ಮೆ ಮೆಲ್ಲಗೆ ಹೇಳಿಕೊಂಡಳು. ಕತೆ ಬಾಲ ಬೀಸಿತು. ಆಮೇಲೆ, "ಮಿಸ್, ಕತೆಗೆ ಬಾಲ ಇರಲ್ಲ ಅಲ್ವಾ?" ಎಂದಳು.

"ನಾ ಅಂತೂ ನೋಡಿಲ್ಲವ್ವಾ. ನೀ ನೋಡಿ ಹೇಳು, ಬಾಲ ಯಾರಿಗೈತಿ?"

ಹಾಳೆಯ ಮೇಲೆ ಬೆರಳು ಉಜ್ಜುವ ಸದ್ದು. ತಟ್ಟನೆ ನನ್ನ ಮಗಳು ಕಿರುಚಿದಳು. "ಮಿಸ್! ಕತ್... ಕತ್ತೆ! ಕತ್ತೆ ಬಾಲ ಬೀಸಿತು! ಕೆಳಗೆ ತ ಇದೆ ಮಿಸ್, ಚಿಕ್ಕ ತ! ಕತ್ತೆ ಮನೆಗೆ ಬಂದಿತು!" ಆಮೇಲೆ ನಗು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಮಿಸ್ಸೂ ನಗುತ್ತಿದ್ದರು. ಬಳೆಗಳೂ ನಗುತ್ತಿದ್ದವು.

ನನ್ನ ಮಗಳು ಮೊದಲ ಬಾರಿಗೆ ಒಂದು ಒತ್ತಕ್ಷರದ ಪದವನ್ನು ತಾನಾಗಿ ಓದಿದ್ದು ಹಾಗೆ, ಬೇರೊಬ್ಬ ಹೆಂಗಸಿಗೆ. ನಾನು ಅದನ್ನು ಮಡಿಸಿದ ಟವೆಲುಗಳನ್ನು ಹಿಡಿದುಕೊಂಡು ಬಾಗಿಲ ಆಚೆಯಿಂದ ಕೇಳಿಸಿಕೊಂಡೆ. ಕಣ್ಣಲ್ಲಿ ನೀರು ಬಂತು. ಅದು ಖುಷಿಯ ನೀರು ಎಂದು ಅತ್ತೆಗೆ ಹೇಳಿದೆ. ಅರ್ಧ ನಿಜ.

ನಮ್ಮತ್ತೆ ಒಂದು ಕಾಲಕ್ಕೆ ಇದೇ ಜಾಗದಲ್ಲಿ ರಾಗಿ ಬೆಳೆದವರು. ಈಗ ಅಲ್ಲಿ ನಮ್ಮ ಬಾಡಿಗೆ ಮನೆಗಳಿವೆ. ಹೆಬ್ಬೆಟ್ಟಿನವರಾದರೂ ಮನುಷ್ಯರನ್ನು ಓದಲು ಬರುತ್ತಿತ್ತು. "ಓದೋದ್ ಕಲ್ತ್ಲಲ್ಲ, ಅದ್ಕೆ ಕುಸಿ ಪಡು. ಯಾರ್ ಏಳ್ಕೊಟ್ರೆ ನಿಂಗೇನಮ್ಮಿ? ಮಕ ಯಾಕಿಂಗೆ ಉಣ್ಸೆಣ್ಣು ತಿಂದಂಗ್ ಮಾಡ್ಕೊಂಡಿದೀಯ?" ಎಂದರು.

"ಏನಿಲ್ಲ ಬಿಡಿ ಅತ್ತೆ" ಎಂದೆ.

ಏನಿಲ್ಲದೆ ಇರುತ್ತದೆಯೇ? ಮನೆ ತುಂಬ ಅವರೇ ಆಗಿಬಿಟ್ಟರು. ಕ್ಲಾಸಿಗೆ ಮೊದಲು ಚಾರ್ವಿ ತಾನಾಗಿ ತಲೆ ಬಾಚಿಕೊಳ್ಳುತ್ತಿದ್ದಳು. ನಾನು ಕರೆದರೆ ಬಾರದವಳು. ಊಟಕ್ಕೆ ಕೂತರೆ "ಸಾರು ಛಲೋ ಐತಿ" ಎನ್ನುತ್ತಿದ್ದಳು. "ಉಬ್ಬಳ್ಳಿಯೋರ್ ಅಂಗೆ ಮಾತಾಡ್ತಾಳಲ್ಲೋ ನಿನ್ ಮಗ್ಳು" ಎಂದು ಅತ್ತೆ ಮಗನಿಗೆ ಹೇಳಿ ನಗುತ್ತಿದ್ದರು. ನನ್ನ ಗಂಡನೂ ನಗುತ್ತಿದ್ದ. ಒಂದು ದಿನ ಮಗಳು ನನ್ನ ಮಣಿಕಟ್ಟು ಹಿಡಿದು ನೋಡಿ, "ಅಮ್ಮ, ನೀನ್ ಯಾಕೆ ಮಿಸ್ ಥರ ಬಳೆ ಹಾಕ್ಕೊಳಲ್ಲ? ನಿನ್ ಕೈ ಸದ್ದೇ ಮಾಡಲ್ಲ" ಎಂದಳು.

ನಾನೂ ಪ್ರಯತ್ನ ಮಾಡಿದೆ, ಮಾಡದೆ ಇರಲಿಲ್ಲ. ಒಂದು ಸಂಜೆ ಚಾಪೆ ಹಾಸಿ ಮಗಳ ಮುಂದೆ ಪುಸ್ತಕ ಇಟ್ಟೆ. ಅವಳು ತಡವರಿಸಿದಾಗ ಗಲ್ಲಕ್ಕೆ ಕೈಕೊಟ್ಟು ಸುಮ್ಮನೆ ಅವಳ ಮುಖವನ್ನೇ ನೋಡುತ್ತಾ ಕೂತೆ. ಸ್ವಲ್ಪ ಹೊತ್ತು ನೋಡಿ ಅವಳು ಹಿಂದಕ್ಕೆ ಸರಿದಳು.

"ಅಮ್ಮ, ಯಾಕೆ ಹಂಗ್ ನೋಡ್ತಿದೀಯಾ? ಭಯ ಆಗತ್ತೆ."

"ಏನಿಲ್ಲ ಕಣೇ. ಸಾವಕಾಶ ಓದವ್ವಾ" ಎಂದೆ.

ಅವಳ ಮುಖ ಗಂಟಾಯಿತು. "ನೀನ್ ಹಂಗ್ ಹೇಳ್ಬೇಡ. ಅದು ಮಿಸ್ ಹೇಳೋದು."

ಪುಸ್ತಕ ಮುಚ್ಚಿ ಎದ್ದೆ. ಅಂದಿನ ಚಪಾತಿಗಳು ಎಷ್ಟು ತೆಳ್ಳಗಾಗಿದ್ದವೆಂದರೆ ಅತ್ತೆ ಎರಡು ಸಲ ನನ್ನ ಮುಖ ನೋಡಿದರು.

ಅಷ್ಟರಲ್ಲಿ ಮಿಸ್ ಹೊಸದೊಂದು ಕೆಲಸ ಹಚ್ಚಿದ್ದರು. ಮನೆಯಲ್ಲಿ ಅಕ್ಷರ ಇರುವ ಏನನ್ನಾದರೂ ಹುಡುಕಿ, ಓದಿ, ದನಿ ಮುದ್ರಿಸಿ ಅವರಿಗೆ ಕಳಿಸಬೇಕು. ಪುಸ್ತಕ ಮಾತ್ರ ಬೇಡ. ಚಾರ್ವಿ ಉಪ್ಪಿನ ಪ್ಯಾಕೆಟ್ಟು, ಗೋಡೆಯ ಕ್ಯಾಲೆಂಡರು, ರಾಗಿಹಿಟ್ಟಿನ ಚೀಲ, ಅಜ್ಜಿಯ ನೋವಿನ ಎಣ್ಣೆಯ ಬಾಟಲಿ ಎಲ್ಲ ಓದಿದಳು. ಓದಲು ನಮ್ಮ ಯಾರ ಎದುರೂ ನಿಲ್ಲುತ್ತಿರಲಿಲ್ಲ. ಫೋನು ತೆಗೆದುಕೊಂಡು ತಾರಸಿಗೆ ಹೋಗಿ ಸಿಂಟೆಕ್ಸ್ ಟ್ಯಾಂಕಿನ ನೆರಳಲ್ಲಿ ಕೂರುತ್ತಿದ್ದಳು. ವಾಯುಪಡೆಯ ವಿಮಾನ ತಲೆಯ ಮೇಲೆ ಹೋದರೆ ಓದುವುದನ್ನು ನಿಲ್ಲಿಸಿ, ಅದು ದಾಟಿದ ಮೇಲೆ ಮತ್ತೆ ಮೊದಲಿನಿಂದ. ನಾನು ಮೆಟ್ಟಿಲ ಮೇಲೆ ಕೂತು, ನನ್ನ ಮಗಳು ಎಣ್ಣೆಯ ಬಾಟಲಿಯ ಮೇಲಿನ ಮಾತುಗಳನ್ನು ಇನ್ಯಾರಿಗೋ ಮುದ್ದುಮುದ್ದಾಗಿ ಓದುವುದನ್ನು ಕೇಳುತ್ತಿದ್ದೆ.

ಪ್ರತಿಯೊಂದಕ್ಕೂ ಮಿಸ್ ಉತ್ತರ ಕಳಿಸುತ್ತಿದ್ದರು. ಅಷ್ಟು ಮಕ್ಕಳಿಗೆ ಅವರಿಗೆ ಹೊತ್ತು ಎಲ್ಲಿ ಸಿಗುತ್ತಿತ್ತೋ. ಚಾರ್ವಿ ಸ್ನಾನಕ್ಕೆ ಹೋದಾಗ ನಾನು ಆ ಉತ್ತರಗಳನ್ನು ಹಾಕಿ ಕೇಳುತ್ತಿದ್ದೆ. "ಎಣ್ಣಿ ಅನ್ನೂದರೊಳಗ ಎರಡು ಣ ಎಷ್ಟ ಚಂದ ಅಂದೀಯವ್ವಾ. ನಿಮ್ಮ ಅಜ್ಜಿ ಮೊಣಕಾಲು ಅರ್ಧಾ ಅಲ್ಲೇ ಕಡಿಮಿ ಆಗಿರಬೇಕು." ಹೀಗೆ. ಮಾತಿನಲ್ಲಿ ಎಲ್ಲಾದರೂ ತಪ್ಪು ಸಿಗುತ್ತದೆಯೇ ಎಂದು ಕಿವಿ ನಿಮಿರಿಸಿ ಕೇಳುತ್ತಿದ್ದೆ. ಸಿಗುತ್ತಿರಲಿಲ್ಲ.

ಕೊನೆಗೂ ಒಂದು ದಿನ ಸಿಕ್ಕಿತು. ಮಕ್ಕಳ ಪೋಷಕರ ಗುಂಪಿಗೆ ಅವರು ಒಂದು ಪಟ ಕಳಿಸಿದ್ದರು. ಬಿಳಿ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಹತ್ತಾರು ಪದ. ಅದರಲ್ಲೊಂದು 'ಅಧ್ಬುತ'. ದ ಮೇಲೆ, ಭ ಕೆಳಗೆ ಇರಬೇಕಾದದ್ದು. ಅವರು ಮಹಾಪ್ರಾಣವನ್ನು ಮೇಲೇರಿಸಿದ್ದರು. ಅವರಿಗೊಬ್ಬರಿಗೇ ಕಳಿಸಬಹುದಿತ್ತು. ನಾನು ಗುಂಪಿಗೇ ಬರೆದೆ. "ಮಿಸ್, ಮಕ್ಕಳು ತಪ್ಪು ಕಲಿಯಬಾರದೆಂದು ಹೇಳುತ್ತಿದ್ದೇನೆ. ಅದು 'ಅದ್ಭುತ' ಆಗಬೇಕು. ದಯವಿಟ್ಟು ಗಮನಿಸಿ." ಕಳಿಸಿದ ಮೇಲೆ ಒಂದು ಲೋಟ ಕಾಫಿ ಮಾಡಿಕೊಂಡು ಕುಡಿದೆ. ಅಷ್ಟು ರುಚಿಯಾದ ಕಾಫಿ ಆ ವರ್ಷ ಕುಡಿದಿರಲಿಲ್ಲ.

ಮರುದಿನ ಕ್ಲಾಸಿನಲ್ಲಿ ಮಿಸ್ ಆ ರಟ್ಟನ್ನೇ ಹಿಡಿದು ಕೂತಿದ್ದರು. ತಿದ್ದಿರಲಿಲ್ಲ.

"ಇದರಾಗ ನಿಮ್ಮ ಮಿಸ್ ಒಂದ್ ತಪ್ಪ ಮಾಡ್ಯಾರ. ನನಗ ಗೊತ್ತಾಗಿರಲಿಲ್ಲ. ಚಾರ್ವಿ ಅಮ್ಮಾರು ಹಿಡದ್ರು. ಎಂಥಾ ಚೂಪು ಕಣ್ಣು ಅವರದು! ನೀವು ಹಿಡೀತೀರೇನು ನೋಡೂಣು?"

ಮಕ್ಕಳು ಫೋನಿಗೆ ಮೂಗು ತಾಗಿಸಿಕೊಂಡು ಹುಡುಕಿದವು. ಒಂದೊಂದು ಪದವನ್ನೂ ಬಿಡಿಸಿ ಬಿಡಿಸಿ ಓದಿದವು. ಆಮೇಲೆ ವಾರಗಟ್ಟಲೆ ಅದೇ ಆಟ. ಮಿಸ್ ಬೇಕೆಂದೇ ಒಂದೊಂದು ತಪ್ಪು ಬರೆದುಕೊಂಡು ಬರುತ್ತಿದ್ದರು, ಮಕ್ಕಳು ಬೇಟೆಯಾಡುತ್ತಿದ್ದವು. ಓದಲು ಬಾರದೆ ಹಿಂದುಳಿದಿದ್ದ ಮಕ್ಕಳೂ ಆ ಆಟದಲ್ಲಿ ಮುಂದೆ ಬಂದವು. ನಾನು ಅವರನ್ನು ಕೆಳಗಿಳಿಸಲೆಂದು ಎಸೆದ ಕಲ್ಲನ್ನು ಅವರು ಪಾಠ ಮಾಡಿಕೊಂಡಿದ್ದರು. ಚಾರ್ವಿ ಕೋಣೆಯಿಂದ ಓಡಿಬಂದು ನನ್ನ ಕುತ್ತಿಗೆಗೆ ಜೋತುಬಿದ್ದು, "ಅಮ್ಮ, ಮಿಸ್ ನಿನ್ನ ಹೊಗಳಿದ್ರು!" ಎಂದಳು. ಆ ಅಪ್ಪುಗೆಯೂ ಅವರ ಕೈಯಿಂದಲೇ ನನಗೆ ಬಂದದ್ದು.

ಶಾಲೆ ತೆರೆದ ಮೇಲೆ ಮೊದಲ ಸಲ ಅವರನ್ನು ಎದುರಿಗೆ ಕಂಡೆ. ಫೋನಿನಲ್ಲಿ ಎತ್ತರದ, ತುಂಬಿದ ಮೈಯವರು ಎಂದುಕೊಂಡಿದ್ದೆ. ಗೇಟಿನ ಹತ್ತಿರ ನಿಂತಿದ್ದವರು ನನ್ನ ಭುಜದವರೆಗೂ ಬಾರದ, ಮಾಸ್ಕಿನೊಳಗೆ ಅರ್ಧ ಮುಳುಗಿಹೋದ ಸಣ್ಣ ಹೆಂಗಸು. ಮಕ್ಕಳು ಅವರನ್ನು ಗುರುತಿಸದೆ ದಾಟಿ ಹೋಗುತ್ತಿದ್ದವು. ಅವರು "ಬರ್ರೆವ್ವಾ, ಬರ್ರೆಪಾ" ಎಂದದ್ದೇ ತಡ, ಹೋದವರೆಲ್ಲ ತಿರುಗಿ ಓಡಿಬಂದರು. ಎಲ್ಲರಿಗಿಂತ ಮುಂದೆ ಚಾರ್ವಿ. ನನ್ನ ಕೈಯಿಂದ ಬಿಡಿಸಿಕೊಂಡ ಅವಳ ಬೆರಳುಗಳ ಬಿಸಿ ನನ್ನ ಅಂಗೈಯಲ್ಲಿ ಹಾಗೇ ಇತ್ತು.

ಕೆಲವು ವಾರಗಳಾದ ಮೇಲೆ ಪೋಷಕರ ಸಭೆ. ಚಾರ್ವಿಗೆ ಕನ್ನಡದಲ್ಲಿ ಒಳ್ಳೆಯ ಅಂಕ ಬಂದಿತ್ತು. ಅವಳ ಓದನ್ನು ಮಿಸ್ ಬಾಯಿತುಂಬ ಹೊಗಳಿದರು. "ನಿಮ್ಮ ಮಗಳ ತಲಿಗೆ ಏನೂ ಆಗಿಲ್ರೀ. ಅಂಜಿಕಿ ಇತ್ತು, ಹೋತು" ಎಂದರು. ಡಾಕ್ಟರಿಗೆ ತೋರಿಸಿ ಎಂದಿದ್ದ ಹಳೆಯ ಟೀಚರ ಮಾತನ್ನು ನಾನು ಅವರಿಗೆ ಎಂದೂ ಹೇಳಿರಲಿಲ್ಲ. ಆದರೂ ನನ್ನ ಒಳಗೆ ಎರಡು ವರ್ಷದಿಂದ ಕೂತಿದ್ದ ಭಯಕ್ಕೇ ನೇರವಾಗಿ ಉತ್ತರ ಕೊಟ್ಟಿದ್ದರು. ಥ್ಯಾಂಕ್ಸ್ ಹೇಳಬೇಕಾದ ಜಾಗ ಅದು. ನನ್ನ ಬಾಯಿಂದ ಬಂದದ್ದು ಬೇರೆ.

"ನಿಮಗೇನ್ ಮಿಸ್, ಬೇರೆಯವರ ಮಕ್ಕಳಿಗೆ ಎಷ್ಟ್ ಹೊತ್ತು ಬೇಕಾದ್ರೂ ಕಾಯಬಹುದು. ಸ್ವಂತ ಮಕ್ಕಳಾದ್ರೆ ಗೊತ್ತಾಗ್ತಿತ್ತು."

ಅವರು ಅಂಕಪಟ್ಟಿಗಳನ್ನು ಜೋಡಿಸುತ್ತಿದ್ದವರು ನಿಲ್ಲಿಸಿದರು. ಆಮೇಲೆ ಮಾಸ್ಕನ್ನು ಗಲ್ಲಕ್ಕಿಳಿಸಿ ನಕ್ಕರು. ಆ ನಗು ಫೋನಿನಲ್ಲಿ ನಾನು ಕಂಡದ್ದಲ್ಲ.

"ಅದಾಳ್ರೀ, ಒಬ್ಬಾಕಿ. ಪಲ್ಲವಿ ಅಂತ. ನಿಮ್ಮ ಚಾರ್ವಿ ಓರಗೀನ. ಊರಾಗ ನಮ್ಮವ್ವನ ಹಂತೇಕ ಬಿಟ್ಟಿದ್ದೆ, ಎರಡ ತಿಂಗಳಾದ ಮ್ಯಾಲ ಕರಕೊಂಡ ಬರಬೇಕಂತ. ಅಷ್ಟ್ರಾಗ ಲಾಕ್‌ಡೌನ್ ಬಿತ್ತು. ಅಲ್ಲೇ ಉಳದ್ಳು. ನೀವ್ ಹೇಳೂದು ಖರೇ ಐತ್ರೀ. ಎಲ್ಲಾರ ಮಕ್ಕಳಿಗೂ ಕಾಯ್ತೀನಿ, ನನ್ನ ಮಗಳಿಗೆ ಕಾಯಾಕ ಆಗಂಗಿಲ್ಲ. ಫೋನಿನ್ಯಾಗ ಅಕಿ ಒಂದ್ ಅಕ್ಷರ ತಡವರಿಸಿದ್ರ ಸಾಕು, ನನ್ನ ಬಾಯಿ ಓಡ್ತೈತಿ. 'ಅವ್ವಾ, ನೀ ಬರೇ ಬೈತಿ' ಅಂತ ಫೋನ್ ಒಗದು ಹೋಗ್ತಾಳ. ಅಕಿಗೆ ಓದಾಕ ಕಲಿಸಿದಾಕಿ ನಮ್ಮ ತಮ್ಮನ ಹೆಂಡ್ತಿ. ಮೊದಲನೇ ಸಲ ಏನ್ ಓದಿದ್ಳೋ, ಹೆಂಗ್ ಓದಿದ್ಳೋ, ನಾ ಕೇಳೇ ಇಲ್ರೀ."

ನಾನು ಅಂಕಪಟ್ಟಿಯನ್ನು ಮಡಿಸಿ ಚೀಲಕ್ಕೆ ಹಾಕಿದೆ.

"ನೀವು ಬಾಗಲಾ ಹಿಂದ ನಿಂತಾದ್ರೂ ಕೇಳೀರಿ" ಎಂದರು. "ಮೊಬೈಲ ಮಲಗಿಸೂ ಮೊದಲ ಸಂದ್ಯಾಗ ನಿಮ್ಮ ನೈಟಿ ಹೂವು ಕಾಣ್ತಿದ್ದವ್ರೀ ನನಗ. ದಿನಾ ಕಾಣ್ತಿದ್ದವು. ಖರೇ ಹೇಳ್ಲಿ? ನಿಮ್ಮ ಮ್ಯಾಲ ನನಗ ಭಾಳ ಹೊಟ್ಟಿಕಿಚ್ಚು ಬರ್ತಿತ್ತು."

ನಾನು ಇಷ್ಟು ದಿನ ಹೊಟ್ಟೆಯಲ್ಲಿಟ್ಟು ಸಾಕಿದ್ದ ಮಾತನ್ನು ಈ ಹೆಂಗಸು ನಗುತ್ತಾ ಮೇಜಿನ ಮೇಲೆ ಇಟ್ಟುಬಿಟ್ಟಿದ್ದರು. ನನಗೂ ನಿಮ್ಮ ಮೇಲೆ ಅಂತ ಹೇಳಿಬಿಡಬೇಕು ಅನಿಸಿತು. ಆದರೆ ಹಿಂದೆ ಇನ್ನೊಬ್ಬರು ಪೋಷಕರು ಕಾಯುತ್ತಿದ್ದರು. "ಬರ್ತೀನಿ ಮಿಸ್" ಎಂದು ಎದ್ದೆ. ಮನೆಗೆ ಬರುವಾಗ ಅವರ ಮಗಳ ಬಗ್ಗೆ ಮರುಕ ಪಡುತ್ತಾ ಬಂದೆ ಎಂದು ಬರೆದರೆ ಸುಳ್ಳಾಗುತ್ತದೆ. ಹೊಟ್ಟೆಕಿಚ್ಚಿನ ಮಾತನ್ನೂ ಅವರೇ ನನಗಿಂತ ಚೆನ್ನಾಗಿ ಆಡಿದರಲ್ಲ ಎಂದು ಅದಕ್ಕೂ ಉರಿದುಕೊಂಡು ಬಂದೆ. ಆದರೂ ಅಂದಿನಿಂದ ಬಾಗಿಲ ಸಂದಿಯ ಆ ದಿನಗಳು ನನಗೆ ಬೇರೆಯಾಗಿ ಕಾಣತೊಡಗಿದವು. ನಾನು ಹೊರಗೆ ನಿಂತಿದ್ದೆ, ನಿಜ. ಆದರೆ ಅಲ್ಲಿ ನಿಂತಿದ್ದೆ.

ಮುಂದಿನ ವರ್ಷ ಅವರಿಗೆ ಊರಿನ ಹತ್ತಿರವೇ ಸರ್ಕಾರಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ಸುದ್ದಿ ಕೇಳಿ ಚಾರ್ವಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನನಗೆ ಒಳಗೊಳಗೇ ಹಗುರವಾಯಿತು. ಯಶವಂತಪುರದಿಂದ ಮಧ್ಯಾಹ್ನದ ರೈಲಿಗೆ ಹೊರಡುತ್ತಾರೆ ಎಂದು ತಿಳಿದಾಗ ಮಗಳು ಹಟ ಹಿಡಿದಳು, ಕಳಿಸಿಕೊಡಲು ಹೋಗಲೇಬೇಕು. ಅತ್ತೆ ಹಿತ್ತಿಲ ಮರದ ಒಂದು ಚಕ್ಕೋತ ಕಿತ್ತು ಅವಳ ಕೈಗೆ ಕೊಟ್ಟು, "ರೈಲಾಗೆ ತಿನ್ಲಿ ನಿಮ್ ಮಿಸ್ಸು" ಎಂದರು. ತನ್ನ ತಲೆಯಷ್ಟು ದೊಡ್ಡ ಹಣ್ಣನ್ನು ಚಾರ್ವಿ ನನ್ನ ಸ್ಕೂಟರಿನ ಹಿಂದೆ ಕೂತು ದಾರಿಯುದ್ದಕ್ಕೂ ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದಳು.

ಪ್ಲಾಟ್‌ಫಾರಂ ತುಂಬ ಜನ. ಒಂದು ಕಂಬದ ಪಕ್ಕ ಟ್ರಂಕು, ಗಂಟು, ಸುತ್ತಿದ ಹಾಸಿಗೆ. ಅವುಗಳ ನಡುವೆ ಮಿಸ್. ಚಾರ್ವಿ ನನ್ನನ್ನು ಬಿಟ್ಟು ಓಡಿದಳು. ಇನ್ನೇನು ಅವರನ್ನು ಮುಟ್ಟಬೇಕು, ಆಗ ಟ್ರಂಕಿನ ಹಿಂದಿನಿಂದ ಒಂದು ಹುಡುಗಿ ಎದ್ದು ನಿಂತಿತು. ಚಾರ್ವಿಯಷ್ಟೇ ಎತ್ತರ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ. "ಅವ್ವಾ, ಇಕಿ ಯಾರ?" ಎಂದು ಕೇಳುತ್ತಾ ಅದು ಮಿಸ್ಸಿನ ಸೊಂಟಕ್ಕೆ ಕೈ ಸುತ್ತಿ ಸೆರಗನ್ನು ತನ್ನ ಭುಜದ ಮೇಲೆ ಎಳೆದುಕೊಂಡಿತು.

ಚಾರ್ವಿ ನಿಂತಲ್ಲೇ ನಿಂತಳು.

"ಬಾರವ್ವಾ ಚಾರ್ವಿ" ಎಂದರು ಮಿಸ್. "ಇಕಿ ನನ್ನ ಮಗಳು ಪಲ್ಲವಿ. ಮಾಮಾನ ಕೂಡ ನನ್ನ ಕರಕೊಂಡ ಹೋಗಾಕ ಬಂದಾಳ ನೋಡು, ದೊಡ್ಡಾಕಿ. ಪಲ್ಲು, ನಾ ಹೇಳತಿದ್ನೆಲ್ಲ, ಕತ್ತಿ ಪಾಠ ಓದಿದಾಕಿ, ಇಕೀನ."

ಹುಡುಗಿ ಚಾರ್ವಿಯನ್ನು ಮೇಲಿನಿಂದ ಕೆಳಗೆ ನೋಡಿತು. ಸೆರಗು ಬಿಡಲಿಲ್ಲ. ಚಾರ್ವಿಯೂ ಅದನ್ನು ಹಾಗೇ ನೋಡಿದಳು. ಮಿಸ್ ನನ್ನ ಎರಡೂ ಕೈ ಹಿಡಿದುಕೊಂಡರು. "ಥ್ಯಾಂಕ್ಸ್ ಮಿಸ್" ಎಂದೆ, ಎರಡು ವರ್ಷ ತಡವಾಗಿ. "ಏ, ಅದೆಲ್ಲಾ ಯಾಕ್ರೀ. ಊರ ಕಡೆ ಬಂದ್ರ ಮನೀಗೆ ಬರ್ರಿ" ಎಂದರು. ಅವರ ಕಣ್ಣು ಪದೇ ಪದೇ ಮಗಳ ಕಡೆಗೇ ಹೋಗುತ್ತಿತ್ತು. ರೈಲು ಬಂತು. ಮಿಸ್ಸಿನ ತಮ್ಮ ಬಂದು ಟ್ರಂಕು ಎತ್ತಿದ, ಮಿಸ್ ಮಗಳನ್ನು ಮೊದಲು ಹತ್ತಿಸಿ ತಾವೂ ಹತ್ತಿದರು. ಕಿಟಕಿಯಿಂದ ಕೈ ಚಾಚಿ ಚಾರ್ವಿಯ ಕೆನ್ನೆ ಸವರಿದರು. ರೈಲು ಹೊರಟಾಗ ನಾನು ಕೈ ಬೀಸಿದೆ. ಅವಳು ಬೀಸಲಿಲ್ಲ. ಕಿಟಕಿಯಲ್ಲಿ ಎರಡು ಕೈಗಳು ಅಲ್ಲಾಡುತ್ತಾ ದೂರವಾದವು, ಒಂದು ಬಳೆಯದು, ಇನ್ನೊಂದು ಸಣ್ಣದು. ಅನ್ನಪೂರ್ಣ ಮಿಸ್ಸನ್ನು ನಾನು ಮತ್ತೆ ನೋಡಲಿಲ್ಲ.

ವಾಪಸು ಬರುವಾಗ ಸ್ಕೂಟರು ಬಿಇಎಲ್ ಸರ್ಕಲ್ಲಿನ ಸಿಗ್ನಲ್ಲಿಗೆ ಬಂದು ನಿಂತಾಗ ನನ್ನ ಬೆನ್ನಿಗೆ ಏನೋ ಗುಂಡಗಿನದು ಒತ್ತುತ್ತಿರುವುದು ಗಮನಕ್ಕೆ ಬಂತು. ಚಕ್ಕೋತ.

"ಅಯ್ಯೋ, ಹಣ್ಣು ಕೊಡೋದು ಮರ್ತೇಬಿಟ್ಯಾ ಮಗಾ?"

"ಮರ್ತಿಲ್ಲ" ಎಂದಳು ಹಿಂದಿನಿಂದ.

"ಮತ್ತೆ?"

ಕನ್ನಡಿಯಲ್ಲಿ ಅವಳ ಮುಖ ಕಂಡಿತು. ಬಿಗಿದ ತುಟಿ, ಎಲ್ಲೋ ನೆಟ್ಟ ಕಣ್ಣು. ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಎರಡು ವರ್ಷ ನಾನೇ ಹೊತ್ತು ತಿರುಗಿದ್ದೆ.

"ಆ ಹುಡುಗಿ ಚೆನ್ನಾಗಿಲ್ಲ ಅಮ್ಮ" ಎಂದಳು ಕೊನೆಗೆ.

ಪಾಪ, ಆ ಮಗು ಏನು ಮಾಡಿತು, ಮಿಸ್ ಅದರ ಅಮ್ಮ ಅಲ್ಲವಾ ಎಂದು ತಿದ್ದಬಹುದಿತ್ತು. ಬಾಯಿಯವರೆಗೆ ಬಂತು.

"ನಂಗೂ ಇಷ್ಟ ಆಗ್ಲಿಲ್ಲ ಕಣೇ" ಎಂದೆ. "ಬಾ, ಮನೆಗೆ ಹೋಗಿ ಹಣ್ಣು ನಾವೇ ತಿನ್ನೋಣ."

ಅವಳ ಹಣೆ ಬಂದು ನನ್ನ ಬೆನ್ನಿಗೆ ಒರಗಿತು. ಹಸಿರು ದೀಪ ಬಿತ್ತು, ಹಿಂದಿನವರು ಹಾರ್ನ್ ಒತ್ತಿದರು. ಒತ್ತಲಿ ಎಂದು ನಾನು ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ.